ಮೊದಲಕ್ಷರ

ನಮ್ಮ ಮನೆಯಾಕೆ ಅಡಿಗೆಮನೆಯಿಂದ ‘ಅದನ್ನು ಸ್ವಲ್ಪ ಈ ಕಡೆ ಕೊಡಿ’ ಎಂದರೆ, ಅದು ಸೌಟೋ ಇಕ್ಕಳವೋ ಎಂದು ನಾನು ಕೇಳುವುದಿಲ್ಲ. ಅರ್ಧ ಮಾತಿಗೆ ಪೂರ್ತಿ ಅರ್ಥ ಹಚ್ಚಿಕೊಳ್ಳುವುದೇ ಸಂಸಾರ. ಅರ್ಧ ಮಾತು ಸಲ್ಲದ, ಹೇಳಿದ್ದನ್ನು ಹೇಳಿದ ಹಾಗೆಯೇ ನಡೆಸುವ ಸೇವಕನೊಬ್ಬನ ಪರಿಚಯ ನನಗಾದದ್ದು ಕಚೇರಿಯಲ್ಲಿ. ಅವನ ಹೆಸರು ಎಂಎಸ್-ಡಾಸ್.

1981ರಲ್ಲಿ ಐಬಿಎಂ ಪಿಸಿಯೊಡನೆ ಬೆಳಕಿಗೆ ಬಂದ ಮನೆತನದವನು ಈ ಮಹಾಶಯ. ಕಪ್ಪು ಪರದೆಯ ಮೇಲೆ ‘ಸಿ’ ಎಂಬ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಮಿನುಗುವ ಒಂದು ಗೆರೆ. ಅಷ್ಟೇ ಅವನ ದರ್ಶನ. ‘ಡಿರ್’ ಎಂದು ಬರೆದು ಎಂಟರ್ ಒತ್ತಿದರೆ ಕಡತಗಳ ಪಟ್ಟಿ; ‘ಕಾಪಿ’ ಎಂದರೆ ನಕಲು. ಒಂದಕ್ಷರ ತಪ್ಪಿತೋ, ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’ ಎಂಬ ಗದರಿಕೆ. ಕಡತದ ಹೆಸರಿಗೆ ಎಂಟೇ ಅಕ್ಷರ, ಆಮೇಲೊಂದು ಚುಕ್ಕಿ, ಮೂರಕ್ಷರದ ಬಾಲ. ಊರು, ತಂದೆ, ಮನೆದೇವರು ಎಲ್ಲರನ್ನೂ ಹೆಸರಿನಲ್ಲಿ ಹೊತ್ತು ತಿರುಗುವ ನಮ್ಮಂಥವರಿಗೆ ಈ ಜಿಪುಣತನ ವಿಚಿತ್ರವಾಗಿ ಕಂಡಿತು.

1992ರ ಒಂದು ತಿಂಗಳ ಕೊನೆ. ನಮ್ಮ ಹೆಡ್ ಗುಮಾಸ್ತರಾದ ರಾಯರು ಹಳೆಯ ಫ್ಲಾಪಿಯೊಂದನ್ನು ಖಾಲಿ ಮಾಡಲೆಂದು ‘ಡೆಲ್ *.*’ ಎಂದು ಬರೆದರು. ನಕ್ಷತ್ರ, ಚುಕ್ಕಿ, ನಕ್ಷತ್ರ ಎಂದರೆ ‘ಇರುವುದೆಲ್ಲ’. ‘ಖಂಡಿತವೇ?’ ಎಂದು ಡಾಸ್ ಕೇಳಿದ. ರಾಯರು ‘ವೈ’ ಒತ್ತಿದರು. ಪರದೆಯ ಮೇಲೆ ಫ್ಲಾಪಿಯ ‘ಎ’ ಇರಬೇಕಾದಲ್ಲಿ ಹಾರ್ಡ್ ಡಿಸ್ಕಿನ ‘ಸಿ’ ಇತ್ತು. ಪಿಂಚಣಿದಾರರ ಪಟ್ಟಿ ಇದ್ದದ್ದು ಅಲ್ಲಿ. ಸೇವಕ ತುಟಿಪಿಟಕ್ಕೆನ್ನದೆ ಕೆಲಸ ಮುಗಿಸಿದ.

ರಾಯರ ಮುಖ ಸುಣ್ಣವಾಯಿತು. ಎಷ್ಟೋ ಮನೆಗಳ ಒಲೆ ಆ ಪಟ್ಟಿಯನ್ನು ಕಾದಿತ್ತು. ಇನ್ನು ನಾಲ್ಕು ತಿಂಗಳಿಗೆ ಅವರ ಹೆಸರೂ ಅದಕ್ಕೆ ಸೇರುವುದಿತ್ತು. ‘ಇಷ್ಟು ವರ್ಷದ ಸರ್ವಿಸ್ ನೀರಿನಲ್ಲಿ ಹೋಮವಾಯಿತಲ್ಲಯ್ಯ’ ಎಂದರು.

‘ರಾಯರೆ, ಇನ್ನೇನನ್ನೂ ಮುಟ್ಟಬೇಡಿ’ ಎಂದೆ.

ಡಾಸ್‌ನ ಗುಟ್ಟೊಂದಿದೆ. ‘ಅಳಿಸು’ ಎಂದರೆ ಅವನು ಒಳಗಿನ ಬರಹಕ್ಕೆ ಕೈ ಹಾಕುವುದಿಲ್ಲ. ಕಡತದ ಹೆಸರಿನ ಮೊದಲಕ್ಷರವನ್ನು ತೆಗೆದು ಅಲ್ಲೊಂದು ಗುರುತು ಹಾಕುತ್ತಾನೆ. ಅದರ ಜಾಗ ತೆರವಾಯಿತೆಂದು ಲೆಕ್ಕದಲ್ಲಿ ಬರೆದುಕೊಳ್ಳುತ್ತಾನೆ. ಬಾಡಿಗೆದಾರನ ಸಾಮಾನು ಒಳಗಿರುವಾಗಲೇ ‘ಮನೆ ಖಾಲಿ ಇದೆ’ ಎಂಬ ಹಲಗೆ ತೂಗುಹಾಕಿದಂತೆ. ಹೊಸ ಒಕ್ಕಲು ಬರುವ ತನಕ ಹಳೆಯ ಸಾಮಾನು ಕ್ಷೇಮ.

1991ರಲ್ಲಿ ಬಂದ ಐದನೆಯ ಡಾಸ್‌ನಲ್ಲಿ ‘ಅನ್‌ಡಿಲೀಟ್’ ಎಂಬ ಆಜ್ಞೆಯಿತ್ತು. ಅದನ್ನು ಬರೆದೆ. ತಲೆಯಿಲ್ಲದ ಹೆಸರುಗಳು ಒಂದೊಂದಾಗಿ ಎದ್ದುಬಂದವು. ಅರ್ಧ ಮಾತು ಸಲ್ಲದೆಂದ ಆ ಸೇವಕನೇ ಈಗ ಪ್ರತಿಯೊಂದಕ್ಕೂ ನಮ್ಮನ್ನು ಬೇಡಿದ: ಇದರ ಮೊದಲಕ್ಷರ ಯಾವುದು? ಕಡತಗಳಿಗೆ ಹೆಸರಿಟ್ಟವರು ರಾಯರೇ. ಕಣ್ಣುಮುಚ್ಚಿ ಒಂದೊಂದೇ ಅಕ್ಷರ ಹೇಳುತ್ತ ಹೋದರು. ಒಂದನೆಯ ತಾರೀಖು ಪಿಂಚಣಿ ಹೊರಟಿತು.

1995ರ ವಿಂಡೋಸ್ ಬಂದ ಮೇಲೆ ಕಪ್ಪು ಪರದೆ ಹಿಂದಕ್ಕೆ ಸರಿಯಿತು. ಅಳಿಸಿದ್ದು ಬುಟ್ಟಿಯಲ್ಲಿ ಪೂರ್ತಿ ಹೆಸರಿನೊಡನೆಯೇ ಕಾದಿರುತ್ತದೆ. ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಒಳ್ಳೆಯದೇ ಆಯಿತು.

ಆದರೆ ನನ್ನ ತಲೆ ಇನ್ನೂ ಡಾಸ್ ಕಾಲದ್ದು. ಹಳೆಯ ಪರಿಚಯದವರ ಹೆಸರು ನಾಲಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಯಾರಾದರೂ ಮೊದಲಕ್ಷರ ಹೇಳಿದರೆ ಸಾಕು, ಆ ಮನುಷ್ಯ ಕೋಟು, ಛತ್ರಿ ಸಮೇತ ಎದುರಿಗೆ ಬಂದು ನಿಲ್ಲುತ್ತಾನೆ. ಹೇಳುವವರು ಹತ್ತಿರದಲ್ಲಿರಬೇಕು, ಅಷ್ಟೆ.