ಬಾಲದ ಮೂರಕ್ಷರ

ನಾಯಕನಹಟ್ಟಿ ಜಾತ್ರೆಗೆ ಬಂದವರು ಬಸ್ಸಿಳಿದು "ಮಠ ಎಲ್ಲಿ?" ಎಂದರೆ ನಾವು ತಿರುಗಿ ಕೇಳುತ್ತೇವೆ: "ಒಳಮಠವೋ, ಹೊರಮಠವೋ?" ತಿಪ್ಪೇರುದ್ರಸ್ವಾಮಿ ಒಬ್ಬನೇ, ಮಠ ಎರಡು. ಕಂಪ್ಯೂಟರಿನೊಳಗೂ ಹೀಗೆ ದಾರಿ ತೋರಿಸುವವನೊಬ್ಬನಿದ್ದಾನೆ. ಅವನು ಮಾತ್ರ ತಿರುಗಿ ಕೇಳುವುದಿಲ್ಲ.

ಪಕ್ಕದ ಮನೆಯ ಹುಡುಗಿ ಎರಡು ಬೇಸಿಗೆ ರಜೆ ಕೂತು ಅಜ್ಜಿಯ ಸೋಬಾನೆ ಪದ, ಬೀಸುವ ಪದಗಳನ್ನು ನೋಟ್‌ಪ್ಯಾಡಿನಲ್ಲಿ ಟೈಪು ಮಾಡಿದ್ದಳು, ಪದಕ್ಕೊಂದು ಫೈಲು. ಅಜ್ಜಿ ಈಗಿಲ್ಲ. ಯಲಗಟ್ಟೆಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಚಳ್ಳಕೆರೆ ಸೀಮೆ ಇದು. ಬರೆದಿಡದ ಪದ ಹಾಡಿದವರ ಜೊತೆಗೇ ಹೋಗುತ್ತದೆಂದು ಇಲ್ಲಿ ಯಾರೂ ಹೇಳಿಕೊಡಬೇಕಿಲ್ಲ. ಅವಳ ತಮ್ಮ ಲ್ಯಾಬ್ ಪರೀಕ್ಷೆಗೆಂದು ಹಳೆಯ ಸಿ ಕಂಪೈಲರೊಂದನ್ನು ಮನೆಯ ವಿಂಡೋಸ್ 7 ಕಂಪ್ಯೂಟರಿಗೆ ಹಾಕಿದ. (ಪಠ್ಯಕ್ರಮ ಮುದುಕಾದರೆ ತಂತ್ರಾಂಶವೂ ಮುದುಕಾಗಿಯೇ ಇರಬೇಕಲ್ಲ.) ಮರುದಿನ ಪದಗಳ ಫೈಲು ಒತ್ತಿದರೆ ಕಂಪೈಲರೇ ತೆರೆದುಕೊಂಡಿತು. ಕನ್ನಡವಿಲ್ಲ, ಬರೀ ವಿಚಿತ್ರ ಚಿಹ್ನೆಗಳು.

"ಅಣ್ಣಾ, ಅಜ್ಜಿ ಪದ ಎಲ್ಲಾ ಹೋದ್ವು" ಎಂದು ಅಳುತ್ತಾ ಬಂದಳು. ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಬಿಡೋಣ ಎಂದು ತಮ್ಮ ಸಿಡಿ ಹಿಡಿದು ನಿಂತಿದ್ದ. ಹಾಗೆ ಮಾಡಿದ್ದರೆ ನಿಜವಾಗಿಯೂ ಹೋಗುತ್ತಿದ್ದವು.

"ಏನೂ ಮುಟ್ಟಬೇಡ್ರಿ, ಸೇವ್ ಅಂತೂ ಒತ್ತಲೇಬೇಡ್ರಿ" ಎಂದೆ. ಪರದೆ ನೋಡಿದಾಗ ಸಮಾಧಾನವಾಯಿತು. ತಲೆಯ ಮೇಲೆ ಗೆರೆಯಿದ್ದ ಇಂಗ್ಲಿಷಿನ ಎ ಅಕ್ಷರ ಎರಡೆರಡು ಚಿಹ್ನೆ ಬಿಟ್ಟು ಮತ್ತೆ ಮತ್ತೆ ಬರುತ್ತಿತ್ತು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಮೊದಲನೆಯದು ಯಾವಾಗಲೂ ಒಂದೇ. ಹಳೆಯ ತಂತ್ರಾಂಶ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದುತ್ತಿತ್ತು, ಅಷ್ಟೆ. ಸಾಲುಗಟ್ಟಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದಿದ್ದರೆ ನಾನೂ ಹೆದರುತ್ತಿದ್ದೆ.

ಫೈಲಿನ ಹೆಸರಿನ ಬಾಲದಲ್ಲಿ, ಚುಕ್ಕಿಯಾದ ಮೇಲೆ, ಟಿಎಕ್ಸ್‌ಟಿ ಎಂಬ ಮೂರಕ್ಷರ ಇರುತ್ತದೆ. ಡಾಸ್ ಕಾಲದಲ್ಲಿ ಹೆಸರಿಗೆ 8, ಬಾಲಕ್ಕೆ 3 ಅಕ್ಷರಗಳ ಮಿತಿ. ಆ ಬಾಲ ಇಂದಿಗೂ ಉಳಿದಿದೆ. ಈ ಬಾಲದವರು ಯಾರ ಮನೆಗೆ ಹೋಗಬೇಕೆಂದು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಹೊಸದಾಗಿ ಬಂದ ತಂತ್ರಾಂಶ ಅಲ್ಲಿ ತನ್ನ ಹೆಸರು ಗೀಚಿಕೊಂಡರೆ ಫೈಲಿಗೆ ಏನೂ ಆಗುವುದಿಲ್ಲ, ದಾರಿ ಮಾತ್ರ ತಪ್ಪುತ್ತದೆ. 1984ರ ಮ್ಯಾಕಿಂಟಾಶ್‌ನಲ್ಲಿ ಪ್ರತಿ ಫೈಲಿನ ಜೊತೆಗೂ ಅದನ್ನು ಸೃಷ್ಟಿಸಿದ ತಂತ್ರಾಂಶದ ನಾಲ್ಕಕ್ಷರದ ಗುರುತು ಇರುತ್ತಿತ್ತು. ನನಗೆ ಅದೇ ಹೆಚ್ಚು ಮರ್ಯಾದೆಯ ಪದ್ಧತಿ ಅನಿಸುತ್ತದೆ. ವಿಂಡೋಸ್ 95 ಬಂದ ಮೇಲಂತೂ ಆ ಬಾಲವನ್ನೂ ಕಣ್ಣಿಗೆ ಕಾಣದಂತೆ ಮುಚ್ಚಿಟ್ಟರು.

ರಿಪೇರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಫೈಲಿನ ಮೇಲೆ ಮೌಸಿನ ಬಲಗುಂಡಿ, 'ಓಪನ್ ವಿತ್', ನೋಟ್‌ಪ್ಯಾಡ್, ಕೆಳಗೆ 'ಯಾವಾಗಲೂ ಇದರಲ್ಲೇ' ಎಂಬ ಚೌಕಕ್ಕೆ ಗುರುತು. ಕಂಪೈಲರನ್ನು ತೆಗೆಯಲಿಲ್ಲ, ತಮ್ಮನ ಪರೀಕ್ಷೆಯೂ ಇತ್ತಲ್ಲ. ಡಾಟ್ ಸಿ ಫೈಲುಗಳು ಅವನಿಗೆ, ಡಾಟ್ ಟಿಎಕ್ಸ್‌ಟಿ ಅಕ್ಕನಿಗೆ. ಎಲ್ಲವನ್ನೂ ಪೆನ್‌ಡ್ರೈವಿಗೂ ಹಾಕಿಸಿದೆ.

ತೆರೆದ ಮೊದಲ ಪದವನ್ನು ಅವಳು ಜೋರಾಗಿ ಓದಿದಳು. ಒಲೆಯ ಮುಂದಿದ್ದ ಅವಳ ತಾಯಿ ಅಲ್ಲಿಂದಲೇ, "ಅದು ಹಂಗಲ್ಲ ಕಣೇ, ನಿಮ್ಮಜ್ಜಿ ಬೇರೆ ಥರ ಅನ್ನೋಳು" ಎಂದು ಎರಡನೇ ಸಾಲು ತಿದ್ದಿಸಿದರು.