ಅವ್ವನ ಹಂಚು ಮತ್ತು ನಾಲ್ಕು ಒಲೆಗಳು

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಕೆಲಸ ಜಾಸ್ತಿ ಅನ್ನೋ ಹಳೇ ನೆಪವೇ, ಬಿಡಿ. ಮೊನ್ನೆ ಊರಿಗೆ, ಅಂದ್ರೆ ಬಾಳೆಹೊಸೂರಿಗೆ, ಹೋಗಿ ಬಂದ ಮೇಲೆ ಇದೊಂದನ್ನ ಬರೆಯಲೇಬೇಕು ಅನ್ನಿಸಿತು.

ಅಲ್ಲಿ ನಮ್ಮ ಮನೇಲಿ ಈಗ ನಾಲ್ಕು ಒಲೆಗಳಿವೆ. ಒಂದು ಮಣ್ಣಿನದು, ಮೂರು ಗ್ಯಾಸಿನವು. ಅಡುಗೆ ಮಾಡಿಕೊಂಡು ಉಣ್ಣೋಳು ಅವ್ವ ಒಬ್ಬಳೇ.

ಅಮೆರಿಕದಲ್ಲಿರೋ ನನ್ನ ಗೆಳೆಯನೊಬ್ಬ ಹಿತ್ತಲಲ್ಲಿಡೋ ಗ್ಯಾಸ್ ಗ್ರಿಲ್ ಕೊಳ್ಳೋಕೆ ಆರು ತಿಂಗಳು ತಲೆ ಕೆಡಿಸಿಕೊಂಡಿದ್ದ. ಮುಚ್ಚಳದ ತಗಡು ಎಷ್ಟು ದಪ್ಪ, ಜಾಲರಿ ಬೀಡಿನದೋ ಸ್ಟೀಲಿನದೋ, ಬರ್ನರ್ ಎಷ್ಟು ವರ್ಷ ಬಾಳುತ್ತೆ... ಫೋನ್ ಮಾಡಿದಾಗೆಲ್ಲ ಇದೇ ಪುರಾಣ. ವಾರಕ್ಕೊಮ್ಮೆ ಕೋಳಿ ಸುಡೋಕೆ ಇಷ್ಟೊಂದು ಸಂಶೋಧನೆಯಾ ಅಂತ ನಾನು ನಗ್ತಿದ್ದೆ. ದಿನಾ ರೊಟ್ಟಿ ಬಡಿಯೋ ಅವ್ವನಿಗೆ ನಾನು ಒಲೆ ಕೊಂಡಿದ್ದು ಹತ್ತೇ ನಿಮಿಷದಲ್ಲಿ, ಮೊಬೈಲಿನಲ್ಲಿ ಫೋಟೋ ನೋಡಿ.

ಅವಸರಕ್ಕೂ ಕಾರಣ ಇತ್ತು. ಎರಡು ಚಳಿಗಾಲದಿಂದ ಅವ್ವನ ಕೆಮ್ಮು ನಿಂತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಇನ್ನ ಹೊಗಿ ಬ್ಯಾಡ ನೋಡ್ರಿ" ಅಂದರು. ಮನೇಲಿ ಅಪ್ಪ ಇದ್ದಾಗ ಕೊಂಡ ಎರಡು ಬರ್ನರಿನ ಸ್ಟೀಲ್ ಸ್ಟೌ ಇತ್ತು. ಆದರೆ ಅದು ಚಹಾ, ಹಾಲು, ಅನ್ನಕ್ಕೆ ಮಾತ್ರ. ಪಾತ್ರೆ ಕೂರೋ ಅದರ ಕಾಲುಗಳು ತೆಳು ಕಂಬಿಯವು. ಅವ್ವನ ದಪ್ಪ ಕಬ್ಬಿಣದ ಹಂಚು ಇಟ್ಟರೆ ಒಂದು ಕಡೆ ವಾಲುತ್ತಿತ್ತು. ಹಾಗಾಗಿ ರೊಟ್ಟಿ ಮಾತ್ರ ಹಿತ್ತಲ ಒಲೆಯ ಮೇಲೇ, ಹತ್ತಿಕಟ್ಟಿಗೆ, ಕುಳ್ಳಿನ ಉರಿಯಲ್ಲಿ.

ನಾನು ಕಳಿಸಿದ್ದು ಮೂರು ಬರ್ನರಿನ ಗ್ಲಾಸ್ ಟಾಪ್. ಕಪ್ಪಗೆ ಹೊಳೀತಿತ್ತು. ಹಿತ್ತಾಳೆ ಬರ್ನರ್, ಐಎಸ್‌ಐ ಗುರುತು, ಎಲ್ಲ ಇತ್ತು. 6,800 ರೂಪಾಯಿ, ಕಂತಿನ ಮೇಲೆ. ಫೋನಲ್ಲಿ ಕೇಳಿದೆ, ಹೆಂಗೈತಿ ಅಂತ. "ಕನ್ನಡಿ ಇದ್ದಂಗ ಐತಿ, ಮಾರಿ ಕಾಣತೈತಿ" ಅಂದಳು. ನಾನು ಅದನ್ನ ಹೊಗಳಿಕೆ ಅಂದುಕೊಂಡೆ :)

ನಾಲ್ಕು ತಿಂಗಳ ಮೇಲೆ ಊರಿಗೆ ಹೋದೆ. ಬೆಳಿಗ್ಗೆ ಹಿತ್ತಲಿಗೆ ಹೋದರೆ ಮಣ್ಣಿನ ಒಲೆಯ ಬೂದಿ ಇನ್ನೂ ಬೆಚ್ಚಗಿದೆ. ಒಳಗೆ ಹೊಸ ಸ್ಟೌ ಮೇಲೆ ಹಳೇ ಸೀರೆಯ ತುಂಡು ಹೊದಿಸಿತ್ತು. ಧೂಳು ಬೀಳದಿರಲಿ ಅಂತ ಇರಬೇಕು ಅಂದುಕೊಂಡು ಎತ್ತಿದೆ. ಗಾಜೇ ಇರಲಿಲ್ಲ! ಬರೀ ತಳದ ತಗಡು, ಬರ್ನರು, ಮೂಲೆಯಲ್ಲಿ ಕಲ್ಲುಸಕ್ಕರೆಯಂಥ ನಾಲ್ಕು ಹರಳು.

ಕೊಂಡ ತಿಂಗಳಲ್ಲೇ ಒಡೆದಿತ್ತಂತೆ. ರೊಟ್ಟಿ ಬೇಯಿಸ್ತಿದ್ದಾಗ ಫಟ್ ಅಂತ. ಪಕ್ಕದ ಕೊಣಮಿಗೆಯ ಹಿಟ್ಟಿನ ತುಂಬ ಗಾಜಿನ ಹರಳು. ಹಿಟ್ಟನ್ನೆಲ್ಲ ತಿಪ್ಪೆಗೆ ಚೆಲ್ಲಿದಳಂತೆ, ದನಕ್ಕೂ ಹಾಕದೆ.

"ಯಾಕ ಹೇಳಲಿಲ್ಲಬೇ?"

"ರೊಕ್ಕಾ ಹಾಕಿ ಕಳಿಸಿದ್ದಿ. ಹೆಂಗ ಹೇಳ್ಲಿ?"

ಆ ಮೂರು ತಿಂಗಳೂ ಅವಳು ಮತ್ತೆ ಹೊಗೆಯಲ್ಲೇ ಕೂತಿದ್ದಳು. ನಾನು ವಾರಕ್ಕೆರಡು ಸಲ ಫೋನ್ ಮಾಡಿ, ಸ್ಟೌ ಹೆಂಗೈತಿ ಅಂತ ಕೇಳ್ತಾನೇ ಇದ್ದೆ.

ಆಮೇಲೆ ಕೂತು ಯೋಚನೆ ಮಾಡಿದಾಗ ತಪ್ಪು ಬರೀ ಗಾಜಿನದಲ್ಲ ಅನ್ನಿಸಿತು. ಜೋಳದ ರೊಟ್ಟಿಯ ಹಂಚು ಅಗಲ, ಬರ್ನರಿನ ಸುತ್ತಲಿನ ಜಾಗವನ್ನೆಲ್ಲ ಮುಚ್ಚಿಬಿಡುತ್ತೆ. ಮೇಲೆ ಹೋಗಬೇಕಾದ ಕಾವು ಕೆಳಕ್ಕೆ ತಿರುಗಿ ಗಾಜನ್ನೂ ನಾಬನ್ನೂ ಸುಡುತ್ತೆ. ಗಾಳಿ ಸಾಲದೆ ಉರಿ ಹಳದಿಯಾಗಿ ಮಸಿ ಹಿಡಿಯುತ್ತೆ. ಮೇಲಾಗಿ, ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕಲ್ಲ, ಆ ತಣ್ಣೀರಿನ ಹನಿ ಕಾದ ಗಾಜಿನ ಮೇಲೆ ಬೀಳದೆ ಇರುತ್ತಾ? ನಮ್ಮ ಮನೆ ಒಲೆಗಳ ಭಾರತೀಯ ಮಾನಕ ಐಎಸ್ 4246, ಕನಿಷ್ಠ 68% ಕಾವು ಪಾತ್ರೆಗೆ ಸೇರಬೇಕು ಅನ್ನುತ್ತೆ. ಅದನ್ನ ಅಳೆಯೋದು ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸಿ. ಆ ಲೆಕ್ಕದಲ್ಲಿ ನಾನು ಕಳಿಸಿದ ಸ್ಟೌ ಪಾಸಾಗಿರಬಹುದು. ಅವ್ವ ಅದರ ಮೇಲೆ ನೀರು ಕಾಯಿಸಲಿಲ್ಲ, ಅಷ್ಟೇ.

ಮರುದಿನ ಲಕ್ಷ್ಮೇಶ್ವರಕ್ಕೆ ಹೊರಟೆವು. ಬಸ್ ಹತ್ತುವಾಗ ಅವ್ವನ ಕೈಚೀಲ ಹಿಡಿದುಕೊಳ್ಳೋಕೆ ಹೋದರೆ ಮಣಭಾರ. ಒಳಗೆ ಹಂಚು! ನನಗೆ ನಾಚಿಕೆ ಆಯ್ತು, ಸುಳ್ಳು ಹೇಳಲ್ಲ. ಅಂಗಡಿಯಲ್ಲಿ ಒಂದೊಂದೇ ಒಲೆಯ ಮೇಲೆ ಹಂಚು ಇಟ್ಟು, ಎರಡೂ ಕೈಯಿಂದ ಒತ್ತಿ, ಆಚೆ ಈಚೆ ಅಲ್ಲಾಡಿಸಿ ನೋಡಿದಳು. "ಯವ್ವಾ, ಒಲಿ ತಗೋತಿಯೋ, ಜಗಳ ತಗೀತಿಯೋ?" ಅಂತ ಅಂಗಡಿಯವ ನಕ್ಕ. ಆಮೇಲೆ ಅವನೇ ಒಳಗಿಂದ ಬೀಡಿನ ಒಂಟಿ ಬರ್ನರ್ ಒಲೆ ತಂದಿಟ್ಟ. ಗಟ್ಟಿ ಕಾಲು, ಅಗಲ ಬರ್ನರು. ಹಂಚು ಮಿಸುಕಲಿಲ್ಲ. 1,900 ರೂಪಾಯಿ.

ಅದರಲ್ಲೂ ಎರಡು ಥರ ಇದ್ದವು. ಖಾನಾವಳಿಯವರು ಒಯ್ಯೋದು ಹೆಚ್ಚು ಒತ್ತಡದ್ದು, ಅದಕ್ಕೆ ರೆಗ್ಯುಲೇಟರೇ ಬೇರೆ. ಮನೆಯ ರೆಗ್ಯುಲೇಟರಿನಿಂದ ಗ್ಯಾಸ್ ಬರೋದು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಒತ್ತಡದಲ್ಲಿ. ಅದಕ್ಕೆ ಹೊಂದೋದನ್ನೇ ಕೇಳಿ ತಗೊಂಡೆ. ಈ ಸಲ ಹತ್ತು ನಿಮಿಷದಲ್ಲಿ ಮುಗಿಸಲಿಲ್ಲ, ಎರಡು ಗಂಟೆ ನಿಂತೆ.

ಮನೆಗೆ ಬಂದ ಮೇಲೆ ಇನ್ನೊಂದು ತಕರಾರು. ಅವ್ವ ರೊಟ್ಟಿ ಬಡಿಯೋದು ನೆಲದ ಮೇಲೆ ಕೂತು. ಒಲೆ ಮಾತ್ರ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಯಾಕಂದ್ರೆ ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತೆ. ಬಾಜೂಮನೆಯ ಕಾಕಾ, "ತಗ್ಗು ತೋಡಿ ಸಿಲಿಂಡರ್ ಇಳಿಸಿಬಿಡೋ" ಅಂದರು. ಸದ್ಯ, ಹಾಗೆ ಮಾಡಲಿಲ್ಲ. ಸೋರಿದ ಗ್ಯಾಸೆಲ್ಲ ಆ ತಗ್ಗಿನಲ್ಲೇ ತುಂಬಿಕೊಳ್ಳುತ್ತಿತ್ತು. ನಿಂತು ಬಡಿ ಅಂದರೆ ಅವ್ವ ನನ್ನ ಮುಖ ನೋಡಿದಳು. ಕಡೆಗೆ ಹಿತ್ತಲ ಕಟ್ಟೆಯನ್ನೇ ಇಟ್ಟಿಗೆಯಿಂದ ಎತ್ತರ ಮಾಡಿಸಿ, ಹತ್ತೋಕೆ ಎರಡು ಮೆಟ್ಟಿಲು ಕಟ್ಟಿಸಿದೆವು. ಅವ್ವ, ಕೊಣಮಿಗೆ, ಒಲೆ ಎಲ್ಲ ಕಟ್ಟೆ ಮೇಲೆ, ಸಿಲಿಂಡರ್ ಕೆಳಗೆ ನೆಟ್ಟಗೆ. ಪಡುವಣ ಗಾಳಿಗೆ ಉರಿ ಆರದ ಹಾಗೆ ಆ ಕಡೆ ಒಂದು ತಗಡು. ಐದು ವರ್ಷಕ್ಕೊಮ್ಮೆ ಪೈಪ್ ಬದಲಿಸಬೇಕಲ್ಲ, ಆ ತಾರೀಕನ್ನ ಗೋಡೆ ಮೇಲೆ ಬರೆದಿಟ್ಟಿದೀನಿ.

ಇದು ಗ್ಯಾಸ್ ಜಾಸ್ತಿ ಕುಡಿಯುತ್ತೆ. ಮೊದಲು ಎರಡು ತಿಂಗಳು ಬರ್ತಿದ್ದ 14.2 ಕೆಜಿ ಸಿಲಿಂಡರ್ ಈಗ ನಲವತ್ತು ದಿನಕ್ಕೆ ಮುಗಿಯುತ್ತೆ. ರೊಟ್ಟಿಯನ್ನೂ ಗ್ಯಾಸಿನ ಮೇಲೇ ಮಾಡ್ತಾಳಲ್ಲ. ನೋಡೋಕೂ ಚಂದ ಇಲ್ಲ, ಮಳೆಗಾಲದಲ್ಲಿ ತುಕ್ಕು ಹಿಡೀತು, ಎಣ್ಣೆ ಸವರಿ ಉಜ್ಜಬೇಕಾಯ್ತು. ಆದರೆ ರೊಟ್ಟಿ ಅಂಚಿನವರೆಗೂ ಬೇಯುತ್ತೆ, ಉಬ್ಬುತ್ತೆ. ಈ ಚಳಿಗಾಲ ಕೆಮ್ಮು ಪೂರ್ತಿ ಹೋಗಿಲ್ಲ, ರಾತ್ರಿ ನಿದ್ದೆ ಮಾತ್ರ ಬರ್ತಿದೆ ಅಂತಾಳೆ.

ಮೊನ್ನೆ ಹೋದಾಗ ನೋಡಿದೆ, ಮಣ್ಣಿನ ಒಲೆಯನ್ನ ಸೆಗಣಿಯಿಂದ ಸಾರಿಸಿ ಇಟ್ಟಿದ್ದಳು. ಕೈಯಿಟ್ಟೆ, ತಣ್ಣಗಿತ್ತು.

"ನೋಡಬ್ಯಾಡ, ಹಚ್ಚಿಲ್ಲ" ಅಂತ ಕಟ್ಟೆ ಮೇಲಿಂದ ಕೂಗಿದಳು. "ಎಳ್ಳಮಾಸಿಗೆ ಸಜ್ಜಿರೊಟ್ಟಿ ಮಾಡಾಕ ಒಂದಿನ ಹಚ್ಚತೀನಿ. ಅವತ್ತ ನೀ ಬರಬ್ಯಾಡ."

ಗ್ಲಾಸ್ ಟಾಪಿನ ಕಂತು ಇನ್ನೂ ಎರಡು ಬಾಕಿ ಇದೆ.