ಜೆ.ಸಿ. ರಸ್ತೆಯಲ್ಲಿ ಒಂದು ಸೆಟ್ ಬ್ರೇಕ್ ಪ್ಯಾಡ್

ಬೆಂಗಳೂರಿನ ಟೌನ್ ಹಾಲ್ ದಾಟಿ ಜೆ.ಸಿ. ರಸ್ತೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಹೊಸ ರೆಕ್ಸಿನ್ ವಾಸನೆ. ಫುಟ್‌ಪಾತ್ ಪಕ್ಕ ಬಾಗಿಲು ತೆರೆದು ನಿಂತ ಕಾರುಗಳಿಗೆ ಹುಡುಗರು ಸೀಟ್ ಕವರ್ ಎಳೆದು ಕೂರಿಸುತ್ತಿದ್ದಾರೆ. “ಏನ್ ಬೇಕ್ ಸಾರ್? ಮ್ಯಾಟಾ, ಕ್ಯಾಮೆರಾನಾ?” ಕರೆದವರಿಗೆಲ್ಲ ಕೈ ಅಲ್ಲಾಡಿಸಿ ಮುಂದೆ ನಡೆಯುತ್ತೀರಿ. ನಿಮ್ಮ ಕಾರು ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿಕೊಂಡು ಜಾಕ್ ಮೇಲೆ ನಿಂತಿದೆ. ನಿಮ್ಮ ಚೀಲದಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಸವೆದ ಬ್ರೇಕ್ ಪ್ಯಾಡ್ ಇದೆ.

ಮೊದಲ ಅಂಗಡಿ. “ಯಾವ್ ಗಾಡಿ?” ಹೇಳುತ್ತೀರಿ. “ಯಾವ್ ವರ್ಷದ್ದು?” “2024.” ಆತ ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ. “ಹೊಸ ಮಾಡೆಲ್ ಸಾರ್, ಮಾರ್ಕೆಟ್‌ಗೆ ಬಂದಿಲ್ಲ. ಶೋರೂಮಲ್ಲೇ ತಗೊಳ್ಳಿ.” ಪಕ್ಕದಂಗಡಿಯಲ್ಲೂ ಅದೇ ಉತ್ತರ. ಅವರ ಲೆಕ್ಕವೂ ಸರಿಯೇ. ಹೊಸ ಕಾರು ಬಂದ ಮೊದಮೊದಲು ಅದರ ಪ್ಯಾಡ್ ಹೆಚ್ಚಾಗಿ ಸಿಗುವುದು ಕಾರು ಕಂಪನಿಯ ಹೆಸರಿನ ಡಬ್ಬಿಯಲ್ಲೇ. ಸಾಕಷ್ಟು ಗಾಡಿಗಳ ಮೊದಲ ಸೆಟ್ ಸವೆದು ಗಿರಾಕಿಗಳು ಕೇಳತೊಡಗಿದ ಮೇಲೆಯೇ ಬೇರೆ ಕಂಪನಿಗಳ ಮಾಲು ಅಂಗಡಿಗೆ ಇಳಿಯುವುದು. ಅಲ್ಲಿಯವರೆಗೆ ಕಪಾಟಿನ ಜಾಗವೆಲ್ಲ ಸ್ವಿಫ್ಟ್, ಆಲ್ಟೊ, ಐ20 ಪಾಲಿಗೆ.

ಅಡ್ಡರಸ್ತೆಯ ಒಂದು ಕಿರಿದಾದ ಅಂಗಡಿ. ಗಾಜಿನ ಹಿಂದೆ ಬಾಷ್, ಬ್ರೆಂಬೊ, ರಾಣೆ ಡಬ್ಬಿಗಳು. ಕೌಂಟರಿನಲ್ಲಿರುವ ಹಿರಿಯರು ಗಾಡಿಯ ಹೆಸರು ಕೇಳುವುದಿಲ್ಲ. “ಹಳೇದು ತಂದಿದೀರಾ? ಫ್ರಂಟಾ, ರೇರಾ?” ಹಿಂದೆ ಡ್ರಮ್ ಇದ್ದರೆ ಅಲ್ಲಿಗೆ ಬೇಕಿರುವುದು ಶೂ, ಪ್ಯಾಡ್ ಅಲ್ಲ.

ಪೇಪರ್ ಬಿಚ್ಚಿ ಕೊಡುತ್ತೀರಿ. ಅವರು ಬನಿಯನ್ ವೇಸ್ಟ್ ತೆಗೆದುಕೊಂಡು ಕಪ್ಪು ಪುಡಿ ಒರೆಸುತ್ತಾರೆ. ಹೊಸದರಲ್ಲಿ 10 ಮಿಲಿಮೀಟರ್ ಆಸುಪಾಸು ಇರುವ ಪದರ ಈಗ 3ಕ್ಕಿಂತ ಕಡಿಮೆ. ಅಂಚಿನಲ್ಲೊಂದು ತೆಳು ಕಬ್ಬಿಣದ ನಾಲಿಗೆ ಡಿಸ್ಕಿಗೆ ಉಜ್ಜಿ ಹೊಳೆಯುತ್ತಿದೆ. ಬ್ರೇಕ್ ಒತ್ತಿದಾಗಲೆಲ್ಲ ಕಿರ್ರೆಂದು ಎಚ್ಚರಿಸುತ್ತಿದ್ದದ್ದು ಇದೇ. ಆಮೇಲೆ ಹಿಂಬದಿಯ ಪ್ಲೇಟ್ ಮೇಲಿನ ನಂಬರನ್ನು ಬೆಳಕಿಗೆ ಹಿಡಿದು ಓದುತ್ತಾರೆ. “ಗಾಡಿ ಹೆಸರು ಹೊಸದು ಸಾರ್. ಕ್ಯಾಲಿಪರ್ ಎಷ್ಟೋ ಸಲ ಹಳೇ ಗಾಡೀದೇ ಇರುತ್ತೆ.” ಒಂದೇ ಕಂಪನಿಯ ಎರಡು ಮೂರು ಕಾರುಗಳು ಒಂದೇ ಬುಡದ ಮೇಲೆ ಎದ್ದು ನಿಲ್ಲುವುದರಿಂದ ಅವರ ಮಾತಿನಲ್ಲಿ ಹುರುಳಿದೆ. ಆದರೆ ಒಂದೇ ಹೆಸರಿನ ಕಾರಿನಲ್ಲೂ ಎಂಜಿನ್ ಬದಲಾದರೆ ಡಿಸ್ಕಿನ ಅಳತೆ ಬದಲಾಗಬಹುದು. ಅದಕ್ಕೇ ಮುಂದಿನ ಪ್ರಶ್ನೆ: “ಆರ್‌ಸಿ ಇದ್ಯಾ? ಚಾಸಿ ನಂಬರ್ ಹೇಳಿ.” ಮೊಬೈಲಿನಲ್ಲಿ ಡಿಜಿಲಾಕರ್ ತೆರೆದು ತೋರಿಸುತ್ತೀರಿ.

ಅಚ್ಚಾದ ಕ್ಯಾಟಲಾಗ್ ಹಳೆಯದು, ಅದರಲ್ಲಿ ನಿಮ್ಮ ಕಾರಿಲ್ಲ. ಅವರು ಡಿಸ್ಟ್ರಿಬ್ಯೂಟರಿಗೆ ಫೋಟೊ ಕಳಿಸುತ್ತಾರೆ. ವಾಟ್ಸ್ಯಾಪ್‌ನಲ್ಲಿ ಹೊಸ ಪಿಡಿಎಫ್ ಬಂದು ಬೀಳುತ್ತದೆ. ಬೆರಳಿನಿಂದ ಸರಿಸುತ್ತ ಹೋದರೆ ನಿಮ್ಮ ಮಾಡೆಲ್, ನಿಮ್ಮ ಎಂಜಿನ್, ಪಕ್ಕದಲ್ಲೊಂದು ಕೋಡ್. ಹುಡುಗ ಅಟ್ಟ ಹತ್ತುತ್ತಾನೆ.

ಇಳಿದು ಬಂದವನ ಕೈಯಲ್ಲಿ ಎರಡು ಬಗೆಯ ಮಾಲು. ಒಂದು ಸೀಲ್ ಇರುವ ಡಬ್ಬಿ, ಇನ್ನೊಂದು ಬರಿಯ ಪ್ಲಾಸ್ಟಿಕ್ ಕವರಿನದು, ಅಗ್ಗದ್ದು. ಹಳೆಯದನ್ನು ಒಂದೊಂದರ ಬೆನ್ನಿಗೂ ಒತ್ತಿ ಹಿಡಿದರೆ ಅಂಚಿಗೆ ಅಂಚು ಕೂಡುತ್ತದೆ. ಹಾಗಾದರೆ ವ್ಯತ್ಯಾಸವೇನು? ಹಿರಿಯರು ಡಬ್ಬಿಯ ಪ್ಯಾಡಿನ ಅಂಚು ತೋರಿಸುತ್ತಾರೆ. ಕೋಡಿನ ಕೊನೆಯಲ್ಲಿ ಎರಡು ಅಕ್ಷರ: ಎಫ್‌ಎಫ್. ಮೊದಲನೆಯದು ಪ್ಯಾಡ್ ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಕಾದಾಗಿನದು. ‘ಎಫ್’ ಅಂದರೆ ಘರ್ಷಣೆಯ ಅಂಕ 0.35ರಿಂದ 0.45, ‘ಜಿ’ ಅಂದರೆ ಅದಕ್ಕಿಂತ ಹೆಚ್ಚು. ನಂದಿ ಬೆಟ್ಟವನ್ನೋ ಚಾರ್ಮಾಡಿ ಘಾಟಿಯನ್ನೋ ಇಳಿಯುವಾಗ ಲೆಕ್ಕಕ್ಕೆ ಬರುವುದು ಆ ಎರಡನೇ ಅಕ್ಷರ. ಪಕ್ಕದಲ್ಲಿ ವೃತ್ತದೊಳಗೆ ‘ಇ’ ಗುರುತು, ಜೊತೆಗೆ ಆರ್90. ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇ 15ರಷ್ಟಕ್ಕಿಂತ ಹೆಚ್ಚು ಆಚೀಚೆ ಆಗಬಾರದೆಂಬ ನಿಯಮ ಅದು. ಕವರಿನ ಪ್ಯಾಡನ್ನು ತಿರುಗಿಸಿ ನೋಡುತ್ತೀರಿ. ಒಂದಕ್ಷರವೂ ಇಲ್ಲ.

“ಇದೂ ಕೂರುತ್ತೆ ಸಾರ್. ಹಿಡಿಯುತ್ತೆ ಅಂತ ನಾನ್ ಹೇಳಲ್ಲ.”

ಡಬ್ಬಿಯದನ್ನೇ ಕೊಳ್ಳುತ್ತೀರಿ. ಬಿಲ್ಲಿನಲ್ಲಿ ಜಿಎಸ್‌ಟಿ ಶೇ 18. ಬಿಡಿಭಾಗಗಳಿಗೆಲ್ಲ ಇದೇ ದರ ಬಂದದ್ದು 2025ರ ಸೆಪ್ಟೆಂಬರ್ 22ರಿಂದ. “ಫಿಟ್ ಆಗ್ಲಿಲ್ಲ ಅಂದ್ರೆ ವಾಪಸ್ ತನ್ನಿ, ಗ್ರೀಸ್ ಹತ್ತಿಸ್ಬೇಡಿ ಅಷ್ಟೆ.”

ಗ್ಯಾರೇಜಿನಲ್ಲಿ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿಸಿ. ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ 300 ಕಿಲೋಮೀಟರ್ ಜೋರು ಬ್ರೇಕ್ ಬೇಡ, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ. ಹೊಸ ಕಾರಿಗೆ ಹೊರಗಿನ ಪ್ಯಾಡ್ ಹುಡುಕಿ ಹೊರಟವರು ಹಳೇ ಪ್ಯಾಡ್ ಮತ್ತು ಚಾಸಿ ನಂಬರ್ ಎರಡನ್ನೂ ಮರೆಯದೆ ಒಯ್ಯಿರಿ. ಯಾವ ಕ್ಯಾಟಲಾಗಿನಲ್ಲೂ ನಿಮ್ಮ ಗಾಡಿ ಇಲ್ಲವೆಂದಾದರೆ, ಆಕಾರ ಒಂದೇ ಇದೆಯೆಂದು ರಾಜಿಯಾಗದೆ ನಾಲ್ಕು ಕಾಸು ಹೆಚ್ಚಾದರೂ ಶೋರೂಮಿನದನ್ನೇ ಹಾಕಿಸಿ.